ಹರಿಯೋದು ಗಾಜಲ್ಲ, ಸೀಸ

ಗಾಜು ನಿಜವಾಗಿ ಘನವಸ್ತು ಅಲ್ಲ, ತುಂಬಾ ನಿಧಾನವಾಗಿ ಹರಿಯುವ ದ್ರವ. ಈ ಮಾತನ್ನು ಕೇಳದೆ ಇಂಜಿನಿಯರಿಂಗ್ ಸೇರಿದವರು ಯಾರಾದರೂ ಇದ್ದಾರಾ? ಹೈಸ್ಕೂಲಿನಿಂದ ಹಿಡಿದು ಹಾಸ್ಟೆಲ್ ರೂಮಿನ ರಾತ್ರಿ ಚರ್ಚೆವರೆಗೂ ಇದು ಬರುತ್ತಲೇ ಇರುತ್ತದೆ. ಸಾಕ್ಷಿ ಕೇಳಿದರೆ ಎಲ್ಲರ ಹತ್ತಿರವೂ ಒಂದೇ ಉತ್ತರ: ಯುರೋಪಿನ ಹಳೇ ಚರ್ಚುಗಳಿಗೆ ಹೋಗಿ ನೋಡಿ, ಆರುನೂರು ಏಳುನೂರು ವರ್ಷದ ಬಣ್ಣದ ಕಿಟಕಿ ಗಾಜು ಮೇಲೆ ತೆಳ್ಳಗೆ, ಕೆಳಗೆ ದಪ್ಪಗೆ ಇರುತ್ತದೆ, ಅಷ್ಟು ವರ್ಷದಲ್ಲಿ ಕೆಳಗೆ ಇಳಿದುಬಿಟ್ಟಿದೆ ಅಂತ. ಹೇಳುವವರೂ ಹೋಗಿ ನೋಡಿರಲ್ಲ, ಕೇಳುವವರೂ ಹೋಗಿ ನೋಡಿರಲ್ಲ. ಕಥೆ ಮಾತ್ರ ಚೆನ್ನಾಗಿದೆ.

ಯುರೋಪಿಗೆ ಹೋಗೋದು ಬೇಡ, ಒಂದು ಬಳೆಚೂರು ಸಾಕು. ಒಡೆದ ಬಳೆಗಳನ್ನು ಆರಿಸಿ, ಮೇಣದಬತ್ತಿ ಉರಿಗೆ ಹಿಡಿದು, ಮೆತ್ತಗಾದ ಕೂಡಲೇ ಬಗ್ಗಿಸಿ, ಕೊಂಡಿಗೆ ಕೊಂಡಿ ಸಿಕ್ಕಿಸಿ ಸರ ಮಾಡೋದನ್ನು ನಮ್ಮ ಅಕ್ಕಂದಿರು, ಚಿಕ್ಕಮ್ಮಂದಿರು ಆಟದ ಹಾಗೆ ಮಾಡುತ್ತಿದ್ದರು. ಅದನ್ನೇ ಮೆಟೀರಿಯಲ್ ಸೈನ್ಸ್ ಪುಸ್ತಕ ಬೇರೆ ಮಾತಿನಲ್ಲಿ ಹೇಳುತ್ತದೆ. ಗಾಜಿಗೆ ಮಂಜುಗಡ್ಡೆಯ ಹಾಗೆ ಒಂದು ಖಚಿತ ಕರಗುವ ಬಿಂದು ಇಲ್ಲ. ಬಿಸಿಯಾದಂತೆ ಮೆತ್ತಗಾಗುತ್ತಾ ಹೋಗುತ್ತದೆ, ತಣ್ಣಗಾದಂತೆ ಬಿಗಿಯುತ್ತಾ ಬರುತ್ತದೆ. ಸಾಮಾನ್ಯ ಕಿಟಕಿ ಗಾಜಿಗೆ ಸುಮಾರು 550 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಂದು ಗಡಿ ಇದೆ. ಅದರ ಕೆಳಗೆ ಬಂದರೆ ಒಳಗಿನ ಕಣಗಳು ದ್ರವದಲ್ಲಿ ಇದ್ದ ಹಾಗೆ ಅಡ್ಡಾದಿಡ್ಡಿಯಾಗಿಯೇ ಇದ್ದು, ಇದ್ದಲ್ಲೇ ಸಿಕ್ಕಿಬೀಳುತ್ತವೆ. ಜೋಡಣೆ ದ್ರವದ್ದು, ನಡವಳಿಕೆ ಘನದ್ದು. "ಗಾಜು ದ್ರವ" ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಆದರೆ ಆ ಬಳೆ ಸರವನ್ನು ಮೊಳೆಗೆ ಇಪ್ಪತ್ತು ವರ್ಷ ತೂಗುಹಾಕಿ, ಒಂದು ಕೊಂಡಿಯೂ ಉದ್ದ ಆಗಲ್ಲ.

ಇಪ್ಪತ್ತು ವರ್ಷ ಸಾಲದು ಅನ್ನುವವರಿಗೆ ಲೆಕ್ಕವೂ ಇದೆ. 1998ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ಎಡ್ಗರ್ ಜಾನೊಟ್ಟೊ ಇದೇ ಕಥೆಯನ್ನು ಹಿಡಿದುಕೊಂಡು ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಒಂದು ಸಣ್ಣ ಲೇಖನ ಬರೆದರು. ಕೋಣೆಯ ಉಷ್ಣತೆಯಲ್ಲಿ ಕಿಟಕಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಬೇಕಾದರೆ ವಿಶ್ವದ ವಯಸ್ಸೂ ಸಾಲೋದಿಲ್ಲ ಅಂತ ತೋರಿಸಿದರು. 2017ರಲ್ಲಿ ಇನ್ನೊಂದು ತಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಹಳೇ ಗಾಜಿನದೇ ಮಿಶ್ರಣವನ್ನು ಪ್ರಯೋಗಾಲಯದಲ್ಲಿ ಮಾಡಿ ಅಳೆಯಿತು. ಆ ಗಾಜು ಮೊದಲಿನ ಅಂದಾಜಿಗಿಂತ ತುಂಬಾ ಸಲೀಸಾಗಿ ಹರಿಯುವಂಥದ್ದು ಅಂತ ಗೊತ್ತಾಯಿತು. ಸಲೀಸು ಅಂದರೆ ಎಷ್ಟು? ನೂರು ಕೋಟಿ ವರ್ಷಕ್ಕೆ ಹೆಚ್ಚೆಂದರೆ ಒಂದು ನ್ಯಾನೊಮೀಟರ್. ಅಂದರೆ ಬೆರಳೆಣಿಕೆಯಷ್ಟು ಅಣುಗಳ ಅಗಲ.

ಇನ್ನೊಂದು ಸಾಕ್ಷಿ ನಮಗೆ ಇದಕ್ಕಿಂತ ಇಷ್ಟ. ಅಮೆರಿಕದ ಯರ್ಕ್ಸ್ ವೀಕ್ಷಣಾಲಯದಲ್ಲಿ 40 ಇಂಚಿನ ಗಾಜಿನ ಲೆನ್ಸ್ ಇರುವ ದೂರದರ್ಶಕ ಇದೆ, 1897ರದ್ದು. ಬೆಳಕಿನ ತರಂಗದ ಒಂದು ಸಣ್ಣ ಭಾಗದಷ್ಟು ಆಕಾರ ಕೆಟ್ಟರೂ ನಕ್ಷತ್ರ ಮಸುಕಾಗಿ ಕಾಣುತ್ತದೆ. ಅಷ್ಟು ಭಾರದ ಗಾಜು ನೂರು ವರ್ಷ ದಾಟಿದರೂ ಕೆಲಸಕ್ಕೆ ಬರುತ್ತಿದೆ ಅಂದರೆ ಅದು ಹರಿದಿಲ್ಲ, ಅಷ್ಟೇ.

ಹಾಗಾದರೆ ಆ ಹಳೇ ಕಿಟಕಿಗಳ ಕೆಳಗಿನ ಅಂಚು ಯಾಕೆ ದಪ್ಪ? ಉತ್ತರ ಅದನ್ನು ಮಾಡಿದ ರೀತಿಯಲ್ಲೇ ಇದೆ. ಆಗ ಈಗಿನ ಹಾಗೆ ಕರಗಿದ ತವರದ ಮೇಲೆ ಗಾಜು ತೇಲಿಸಿ ಸಮತಟ್ಟು ಹಾಳೆ ಮಾಡೋದು ಇರಲಿಲ್ಲ. ಊದುಕೊಳವೆ ತುದಿಯಲ್ಲಿ ಗಾಜಿನ ಉಂಡೆ ಊದಿ, ಬಾಯಿ ತೆರೆದು, ಕುಲುಮೆ ಮುಂದೆ ಗರಗರ ತಿರುಗಿಸುತ್ತಿದ್ದರು. ರೊಟ್ಟಿ ಬಡಿಯುವಾಗ ಹಿಟ್ಟು ಅಗಲವಾಗುವ ಹಾಗೆ ಅದು ಅರಳಿ ದೊಡ್ಡ ತಟ್ಟೆ ಆಗುತ್ತಿತ್ತು, ನಡುವೆ ದಪ್ಪ, ಅಂಚಿಗೆ ತೆಳು. ಇಲ್ಲವೇ ಉದ್ದ ಕೊಳವೆ ಊದಿ, ಉದ್ದಕ್ಕೆ ಸೀಳಿ, ಬಿಡಿಸಿ ಹಾಸುತ್ತಿದ್ದರು. ಯಾವುದರಲ್ಲೂ ಒಂದೇ ದಪ್ಪ ಬರೋದಿಲ್ಲ. ಅದನ್ನು ತುಂಡು ಮಾಡಿ ಕೂರಿಸುವಾಗ ಭಾರದ ಅಂಚನ್ನು ಕೆಳಗಿಡೋದು ಯಾವ ಕೆಲಸಗಾರನಿಗೂ ಹೊಳೆಯುವ ಬುದ್ಧಿ. ಎಲ್ಲರೂ ಹಾಗೇ ಇಟ್ಟಿಲ್ಲ, ದಪ್ಪ ಅಂಚು ಮೇಲೆ ಅಥವಾ ಪಕ್ಕಕ್ಕೆ ಇರುವ ತುಂಡುಗಳೂ ಸಿಗುತ್ತವೆ. ಗಾಜು ಮೇಲಕ್ಕೆ ಹರಿಯಿತು ಅಂತ ಯಾರೂ ಹೇಳಲಾರರು.

ಈ ಕಿಟಕಿಗಳನ್ನು ಕಟ್ಟುವ ಕೆಲಸದ ಬಗ್ಗೆ ಥಿಯೋಫಿಲಸ್ ಅನ್ನೋ ಹೆಸರಿನ ಒಬ್ಬ ಕ್ರೈಸ್ತ ಸನ್ಯಾಸಿ 12ನೇ ಶತಮಾನದಲ್ಲೇ ಪುಸ್ತಕ ಬರೆದಿಟ್ಟಿದ್ದಾನೆ. ಓದುತ್ತಾ ಹೋದರೆ ನಮ್ಮ ವರ್ಕ್‌ಶಾಪ್ ಮ್ಯಾನ್ಯುಯಲ್ ನೆನಪಾಗುತ್ತದೆ, ನಮ್ಮದಕ್ಕಿಂತ ಚೆನ್ನಾಗಿದೆ ಅನ್ನೋದು ಬೇರೆ ಮಾತು. ಮೊದಲು ಮರದ ಹಲಗೆಗೆ ಸುಣ್ಣ ಬಳಿದು ಕಿಟಕಿಯ ಅಳತೆಗೆ ಸರಿಯಾಗಿ, ಒಂದಕ್ಕೆ ಒಂದು ಸ್ಕೇಲಿನಲ್ಲಿ, ಪೂರ್ತಿ ಚಿತ್ರ ಬರೆಯಬೇಕು. ಬಣ್ಣಬಣ್ಣದ ಗಾಜನ್ನು ಅದರ ಮೇಲಿಟ್ಟು ಗೆರೆ ಹಿಡಿದು, ಕಾಯಿಸಿದ ಕಬ್ಬಿಣ ತಾಗಿಸಿ ಸೀಳಬೇಕು. ಅಂಚುಗಳನ್ನು ಕೊಕ್ಕೆಯಂಥ ಕಬ್ಬಿಣದಿಂದ ಇಲಿ ಕಡಿದ ಹಾಗೆ ಮೆಲ್ಲ ಮೆಲ್ಲ ಮುರಿಯಬೇಕು. ಮುಖ, ಕೈಬೆರಳು, ಬಟ್ಟೆಯ ನೆರಿಗೆ ಬರೆಯಲು ಲೋಹದ ಪುಡಿ ಮತ್ತು ಗಾಜಿನ ಪುಡಿ ಕಲಸಿದ ಕಪ್ಪು ಬಣ್ಣ. ಅದನ್ನು ಕುಲುಮೆಯಲ್ಲಿ ಸುಟ್ಟರೆ ಗಾಜಿಗೇ ಅಂಟಿಹೋಗುತ್ತದೆ. ಕೊನೆಗೆ ಇಂಗ್ಲಿಷ್ ಎಚ್ ಅಕ್ಷರದ ಹಾಗಿರುವ ಸೀಸದ ಪಟ್ಟಿಯ ಎರಡೂ ಕಡೆ ತುಂಡುಗಳನ್ನು ಸಿಕ್ಕಿಸಿ, ಕೂಡುವಲ್ಲಿ ಬೆಸುಗೆ ಹಾಕಬೇಕು.

ಬಣ್ಣ ಬಹುಪಾಲು ಬಳಿದದ್ದಲ್ಲ ಅನ್ನೋದು ಗಮನಿಸಬೇಕು. ಅದು ಗಾಜಿನ ಒಳಗೇ ಇದೆ. ಕೋಬಾಲ್ಟ್ ಹಾಕಿದರೆ ನೀಲಿ, ಮ್ಯಾಂಗನೀಸ್ ಹಾಕಿದರೆ ನೇರಳೆ, ಕಬ್ಬಿಣ ಇದ್ದರೆ ಹಸಿರು ಛಾಯೆ. ಕೆಂಪು ಮಾತ್ರ ತಂಟೆಯದ್ದು. ತಾಮ್ರದಿಂದ ಬರುವ ಕೆಂಪು ಎಷ್ಟು ಗಾಢ ಅಂದರೆ ಇಡೀ ಗಾಜು ಕೆಂಪಾದರೆ ಬೆಳಕೇ ದಾಟದೆ ಕಪ್ಪಾಗಿ ಕಾಣುತ್ತದೆ. ಅದಕ್ಕೆ ಬಿಳಿ ಗಾಜಿನ ಮೇಲೆ ತೆಳ್ಳನೆಯ ಕೆಂಪು ಪದರ ಹತ್ತಿಸುವ ಉಪಾಯ ಕಂಡುಕೊಂಡರು. ಸುಮಾರು 1300ರ ಹೊತ್ತಿಗೆ ಹಳದಿಯ ಗುಟ್ಟು ಬಂತು: ಗಾಜಿನ ಹಿಂಬದಿಗೆ ಬೆಳ್ಳಿಯ ಲವಣ ಸವರಿ ಕಾಯಿಸಿದರೆ, ಗಾಜಿನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಹೊರಗೆ ಬಂದು ಅವುಗಳ ಜಾಗದಲ್ಲಿ ಬೆಳ್ಳಿ ಹೋಗಿ ಕೂರುತ್ತದೆ. ನಮ್ಮ ಜೇಬಿನ ಫೋನಿನ ಗಟ್ಟಿ ಗಾಜನ್ನೂ ಹೀಗೇ ಅಯಾನು ಬದಲಾಯಿಸಿಯೇ ಮಾಡುತ್ತಾರೆ. ಅಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ. ಕೆಮಿಸ್ಟ್ರಿಯವರು ಇದನ್ನು ಫಸ್ಟ್ ಸೆಮ್‌ನಲ್ಲೇ ಹೀಗೆ ಹೇಳಿದ್ದರೆ ಇಷ್ಟು ಜನಕ್ಕೆ ನಿದ್ದೆ ಬರುತ್ತಿರಲಿಲ್ಲ.

ಈಗ ಸೀಸಕ್ಕೆ ಬರೋಣ, ನಮ್ಮ ನಿಜವಾದ ವಿಷಯ ಅದೇ.

ಲೋಹ ಕ್ರೀಪ್ ಆಗುತ್ತದೆ ಅನ್ನೋದನ್ನು ನಾವು ಬಾಯ್ಲರ್, ಟರ್ಬೈನ್ ಉದಾಹರಣೆಯಲ್ಲಿ ಓದುತ್ತೇವೆ. ಮೇಲೆ ಒಂದೇ ಸಮ ಭಾರ ಇದ್ದರೆ, ಉಷ್ಣತೆ ಸಾಕಷ್ಟಿದ್ದರೆ, ಲೋಹ ಮುರಿಯದೆಯೇ ನಿಧಾನವಾಗಿ ಹಿಗ್ಗುತ್ತಾ ಹೋಗುತ್ತದೆ. ಸಾಕಷ್ಟು ಅಂದರೆ, ಕೆಲ್ವಿನ್ ಲೆಕ್ಕದಲ್ಲಿ ಕರಗುವ ಬಿಂದುವಿನ ಸುಮಾರು ನೂರಕ್ಕೆ ನಲವತ್ತು ಭಾಗ. ಸೀಸ ಕರಗೋದು 327 ಡಿಗ್ರಿಗೆ, ಅಂದರೆ 600 ಕೆಲ್ವಿನ್. ನಮ್ಮ ಜಮಖಂಡಿ ಕಡೆ ಬೇಸಿಗೆ ಮಧ್ಯಾಹ್ನ 40 ಡಿಗ್ರಿ ಅಂದುಕೊಳ್ಳಿ, 313 ಕೆಲ್ವಿನ್. ಭಾಗಿಸಿದರೆ 0.52. ಗಾಜಿಗೆ ಚಳಿಗಾಲದ ಹಾಗಿರುವ ಬಿಸಿಲು ಸೀಸಕ್ಕೆ ಕುಲುಮೆಯ ಹತ್ತಿರದ್ದು. ಅದೇ ಕಬ್ಬಿಣಕ್ಕೆ ಲೆಕ್ಕ ಹಾಕಿ: 1811ಕ್ಕೆ 313, ಬರೀ 0.17. ಕಬ್ಬಿಣಕ್ಕೆ ಏನೂ ಆಗಲ್ಲ.

ಭಾರ ಎಷ್ಟು? ಮೂರು ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ ಏಳೂವರೆ ಕಿಲೋ. ಕಿಟಕಿ ನಾಲ್ಕೈದು ಮೀಟರ್ ಎತ್ತರ ಇದ್ದರೆ ಮೇಲಿನದೆಲ್ಲ ಕೆಳಗಿನ ಸೀಸದ ಮೇಲೆ ಕೂರುತ್ತದೆ. ಜೊತೆಗೆ ಬಿಸಿಲಿಗೆ ಸೀಸ ಗಾಜಿಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ, ರಾತ್ರಿ ಅಷ್ಟೇ ಕುಗ್ಗುತ್ತದೆ. ದಿನಾ ಹೀಗೆ ನಡೆದರೆ ಬೆಸುಗೆ ಪಕ್ಕದಲ್ಲಿ ಬಿರುಕು ಬಿಡುತ್ತದೆ, ಪಟ್ಟಿ ಸಡಿಲಾಗುತ್ತದೆ, ಇಡೀ ಕಿಟಕಿ ಹೊಟ್ಟೆ ಬಿಟ್ಟ ಹಾಗೆ ಉಬ್ಬುತ್ತದೆ. ದೂರದಿಂದ ನೋಡಿದವರಿಗೆ ಗಾಜೇ ಹರಿದ ಹಾಗೆ ಕಾಣುತ್ತದೆ! ಹಳೇ ಕೆಲಸಗಾರರಿಗೆ ಕ್ರೀಪ್ ಅನ್ನೋ ಹೆಸರು ಗೊತ್ತಿರಲಿಲ್ಲ, ಆದರೆ ಕಾಟ ಗೊತ್ತಿತ್ತು. ಅದಕ್ಕೇ ಕಿಟಕಿಯನ್ನು ಸಣ್ಣ ಸಣ್ಣ ಭಾಗ ಮಾಡಿ, ಪ್ರತಿ ಭಾಗದ ಭಾರವನ್ನು ಅಡ್ಡ ಕಬ್ಬಿಣದ ಸರಳಿಗೆ ಒಪ್ಪಿಸುತ್ತಿದ್ದರು. ಪ್ಯಾರಿಸ್ಸಿನಲ್ಲಿ ಫ್ರೆಂಚ್ ರಾಜನ ಅರಮನೆ ಒಳಗೇ ಕಟ್ಟಿಸಿದ ಸೇಂತ್ ಶಾಪೆಲ್ ಪ್ರಾರ್ಥನಾ ಮಂದಿರ 1248ರದ್ದು. ಅಲ್ಲಿ ಗೋಡೆಗಿಂತ ಗಾಜೇ ಹೆಚ್ಚು, ಕಿಟಕಿಗಳು ಸುಮಾರು 15 ಮೀಟರ್ ಎತ್ತರ. ಫೋಟೋ ದೊಡ್ಡದು ಮಾಡಿ ನೋಡಿದರೆ ಬಣ್ಣಗಳ ನಡುವೆ ಕಪ್ಪು ಕಬ್ಬಿಣದ ಚೌಕಟ್ಟು ಕಾಣುತ್ತದೆ.

ರಾಜನಷ್ಟು ದೊಡ್ಡವರಲ್ಲದ ಜಮೀನ್ದಾರರೂ ತಮ್ಮ ಮನೆಯಲ್ಲೇ ಇಂಥ ಪ್ರಾರ್ಥನಾ ಕೋಣೆ ಇಟ್ಟುಕೊಳ್ಳುತ್ತಿದ್ದರು, ನಮ್ಮ ಕಡೆ ವಾಡೆಯೊಳಗೆ ದೇವರಮನೆ ಇದ್ದ ಹಾಗೆ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಹ್ಯಾಡನ್ ಹಾಲ್ ಅಂತ ಒಂದು ಹಳ್ಳಿಮನೆ ಇದೆ. ಮನೆ ಅಂದರೆ ಕೋಟೆಯಷ್ಟು ದೊಡ್ಡದು. ಅದರ ಪ್ರಾರ್ಥನಾ ಮಂದಿರದ ಪೂರ್ವದ ಕಿಟಕಿ 1427ರದ್ದು, ಸರ್ ರಿಚರ್ಡ್ ವರ್ನನ್ ಮಾಡಿಸಿದ್ದು. ಮುಂದೆ ಮನೆಯವರು ಬೇರೆ ಕಡೆ ವಾಸಕ್ಕೆ ಹೋಗಿ ಇನ್ನೂರು ವರ್ಷದಷ್ಟು ಕಾಲ ಆ ಮನೆ ಹೆಚ್ಚುಕಡಿಮೆ ಖಾಲಿ ಇತ್ತು. ಖಾಲಿ ಇದ್ದದ್ದೇ ಒಳ್ಳೆಯದಾಯಿತು, ಯಾರೂ ಅದನ್ನು "ಹೊಸದು" ಮಾಡಲಿಲ್ಲ. ಆದರೆ 1828ರಲ್ಲಿ ಕಳ್ಳರು ಆ ಮಂದಿರದ ಎಷ್ಟೋ ಗಾಜನ್ನು ಕದ್ದೊಯ್ದರು. ನಾನೂರು ವರ್ಷ ಗಾಳಿ ಮಳೆ ಮಾಡಲಾಗದ್ದನ್ನು ಮನುಷ್ಯ ಮಾಡಿ ಮುಗಿಸಿದ.

ಮಳೆಯೂ ಏನೂ ಮಾಡಿಲ್ಲ ಅನ್ನೋ ಹಾಗಿಲ್ಲ. ಆ ಕಾಲದ ಯುರೋಪಿನ ಗಾಜು ಬೂದಿಯಿಂದ ಆದದ್ದು: ಎರಡು ಪಾಲು ಕಟ್ಟಿಗೆ ಬೂದಿ, ಒಂದು ಪಾಲು ಮರಳು ಅಂತ ಥಿಯೋಫಿಲಸ್ ಬರೆಯುತ್ತಾನೆ. ಬೂದಿಯಲ್ಲಿರುವ ಪೊಟ್ಯಾಷ್ ಮರಳನ್ನು ಕಡಿಮೆ ಬಿಸಿಗೇ ಕರಗಿಸುತ್ತದೆ. ಹುನ್ನೂರಿನಲ್ಲಿ ನಮ್ಮ ಅಜ್ಜಿ ಒಲೆ ಬೂದಿಯಿಂದ ಪಾತ್ರೆ ತಿಕ್ಕುವಾಗ ಕೈ ಜಾರುತ್ತಿತ್ತಲ್ಲ, ಅದೇ ಪೊಟ್ಯಾಷ್. ಕಬ್ಬಿನ ರವದಿ ಸುಟ್ಟ ಬೂದಿಯಲ್ಲೂ ಅದು ಇರುತ್ತದೆ. ತೊಂದರೆ ಏನೆಂದರೆ ಪೊಟ್ಯಾಷ್ ಹೆಚ್ಚಿರುವ ಗಾಜನ್ನು ನೀರು ತಿನ್ನುತ್ತದೆ. ತೇವ ನಿಂತಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಹೊರಗೆ ಬಂದು, ಗಾಳಿಯ ಗಂಧಕದ ಜೊತೆ ಸೇರಿ ಬಿಳಿ ಹಕ್ಕಳೆ ಕಟ್ಟುತ್ತದೆ, ಅದರ ಕೆಳಗೆ ಸಿಡುಬಿನ ಕಲೆಯಂಥ ಗುಳಿ ಬೀಳುತ್ತವೆ. ಹಳೇ ಗಾಜು ಸಾಯೋದು ಹೀಗೆ, ಹರಿದು ಅಲ್ಲ.

ಇಷ್ಟೆಲ್ಲ ಓದೋಕೆ ಕಾರಣ ಒಂದು ಜಗಳ. ಈ ರಜೆಯಲ್ಲಿ ನಮ್ಮೂರಿನ ಒಂದು ಹಳೇ ವಾಡೆಯ ಬಾಗಿಲ ಕಮಾನಿನ ಬಣ್ಣದ ಗಾಜು ತೆಗೆಸಬೇಕೋ ಬೇಡವೋ ಅಂತ ಮಾತು ನಡೆದಿತ್ತು. ಕೆಂಪು, ನೀಲಿ, ಹಸಿರು ತುಂಡುಗಳು, ಒಂದು ಕಡೆ ಒಡೆದದ್ದಕ್ಕೆ ರಟ್ಟು ಬಡಿದಿದ್ದಾರೆ. "ಗಾಜಿಗೆ ವಯಸ್ಸಾಗೇತಿ, ಕೆಳಗ ಇಳ್ಯಾಕ ಹತ್ತೇತಿ, ಇವತ್ತಿಲ್ಲ ನಾಳೆ ತಲಿ ಮ್ಯಾಲ ಬೀಳತೈತಿ. ತಗದು ಅಲ್ಯುಮಿನಿಯಂ ಹಾಕಸ್ರಿ" ಅಂತ ಬಡಿಗ್ಯಾರು ಹೇಳಿದ್ದರಂತೆ. ಹಳೇ ಸಾಮಾನು ಕೊಳ್ಳುವವರೂ ಒಮ್ಮೆ ಬಂದು ನೋಡಿಕೊಂಡು ಹೋಗಿದ್ದರು. ವಾಡೆಯ ಅಜ್ಜಾರು ನಮ್ಮನ್ನು ಕರೆದು ಕೇಳಿದರು: "ಏನ್ರಪಾ, ನೀವು ಇಂಜಿನಿಯರಿಂಗ್ ಕಲಿಯೋರು, ಗಾಜು ಖರೇನ ಇಳೀತೈತೇನು?"

ಏಣಿ ಹಾಕಿ ಹತ್ತಿ ನೋಡಿದೆವು. ಅಲ್ಲಿ ಸೀಸವೇ ಇಲ್ಲ. ನಮ್ಮ ಕಡೆ ಇಂಥ ಕೆಲಸ ತೇಗದ ಚೌಕಟ್ಟಿನದು, ಗಾಜು ಮರದ ಗಾಡಿಯಲ್ಲಿ ಕೂತಿರುತ್ತದೆ, ಸಣ್ಣ ಪಟ್ಟಿ ಮೊಳೆ ಹೊಡೆದು ಹಿಡಿದಿರುತ್ತಾರೆ. ಕೆಳಗೆ ಇಳಿದದ್ದು ಗಾಜಲ್ಲ, ಮಳೆ ನೀರು ಕುಡಿದು ಕೆಟ್ಟ ಕೆಳಗಿನ ಪಟ್ಟಿ. ಸಡಿಲಾದ ಮೂರು ತುಂಡು ಬಿಚ್ಚಿ ಸ್ಕ್ರೂಗೇಜ್ ಹಿಡಿದೆವು. ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇತ್ತು. ದಪ್ಪ ಅಂಚು ಎರಡರಲ್ಲಿ ಮೇಲೆ, ಒಂದರಲ್ಲಿ ಪಕ್ಕಕ್ಕೆ. ಕೆಂಪು ಗಾಜಿನ ಒಡೆದ ಅಂಚನ್ನು ಬೆಳಕಿಗೆ ಹಿಡಿದಾಗ ನಮಗೇ ಖುಷಿಯಾಯಿತು: ಒಳಗೆಲ್ಲ ಬಿಳಿ, ಒಂದು ಮುಖಕ್ಕೆ ಮಾತ್ರ ಗೆರೆಯಷ್ಟು ಕೆಂಪು. ಆ ಯುರೋಪಿನ ಹಳೇ ಉಪಾಯವೇ ಹುನ್ನೂರಿನ ಬಾಗಿಲ ಮೇಲೆ ಕೂತಿದೆ. ಅಜ್ಜಾರಿಗೆ ತೋರಿಸಿದರೆ ಕನ್ನಡಕ ಮೇಲೆ ಮಾಡಿ ಎರಡು ಸಲ ನೋಡಿ, "ಹಂಗಾರ ಪಟ್ಟಿ ಅಷ್ಟ ಬದಲಿ ಮಾಡಸೂಣು" ಅಂದರು. ಬಡಿಗ್ಯಾರು ಇನ್ನೂ ಒಪ್ಪಿಲ್ಲ. ಪಟ್ಟಿ ಕೆಲಸಕ್ಕಿಂತ ಅಲ್ಯುಮಿನಿಯಂ ಕೆಲಸಕ್ಕೆ ಕೂಲಿ ಹೆಚ್ಚು ಅನ್ನೋದೂ ಅದರಲ್ಲಿ ಸೇರಿರಬಹುದು.

ನಿಮ್ಮ ಊರಲ್ಲೂ ಇಂಥದ್ದು ಇದ್ದರೆ ಎರಡು ಮಾತು. ಬಿಚ್ಚುವ ಮೊದಲು ಪ್ರತಿ ತುಂಡಿಗೂ ನಂಬರ್ ಹಾಕಿ, ಡ್ರಾಯಿಂಗ್ ಶೀಟಿನಲ್ಲಿ ಒಂದಕ್ಕೆ ಒಂದು ಅಳತೆಯ ಚಿತ್ರ ಬರೆದುಕೊಳ್ಳಿ. ತೊಳೆಯಲು ಬಾತ್‌ರೂಮಿನ ಆಸಿಡ್ ಅಂತೂ ಬೇಡವೇ ಬೇಡ, ಬರೀ ನೀರು ಮತ್ತು ಮೆತ್ತನೆ ಬಟ್ಟೆ. ಗಾಜಿನ ಮೇಲೆ ಕೈಯಿಂದ ಬರೆದ ಚಿತ್ರ ಇದ್ದರೆ ಆ ನೀರೂ ಬೇಡ, ಗೊತ್ತಿದ್ದವರಿಗೆ ತೋರಿಸಿ.

"ಇಂಥಾದ್ದು ಮೈಸೂರು ಅರಮನ್ಯಾಗೂ ಐತೆಲ್ಲ?" ಅಂತ ಅಜ್ಜಾರು ಕೇಳಿದ್ದರು. ಇದೆ, ಆದರೆ ಅಲ್ಲಿನದು ಬೇರೆಯೇ ಕಷ್ಟದ ಕೆಲಸ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಹಳೇ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಅದರ ಕಲ್ಯಾಣ ಮಂಟಪ ಎಂಟು ಮೂಲೆಯದು, ನಡುವಿನ ಚಾವಣಿಯೇ ಬಣ್ಣದ ಗಾಜು, ಅದರಲ್ಲಿ ನವಿಲುಗಳು. ವಿನ್ಯಾಸ ಮೈಸೂರಿನ ಕಲಾವಿದರದ್ದು, ಗಾಜಿನ ಕೆಲಸ ನಡೆದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಎರಕದ ಕಬ್ಬಿಣದ ಕಂಬಗಳೂ ಅಲ್ಲಿಂದಲೇ ಬಂದವು, ವಾಲ್ಟರ್ ಮ್ಯಾಕ್‌ಫಾರ್ಲೇನ್ ಕಂಪನಿಯ ಸರಸೆನ್ ಫೌಂಡ್ರಿಯಿಂದ. ಬೆಂಕಿಗೆ ಹೆದರಿದ ಮನೆತನ ಮರ ಬಿಟ್ಟು ಕಲ್ಲು, ಕಬ್ಬಿಣ ಆರಿಸಿಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ.

ನಿಂತ ಕಿಟಕಿಯಲ್ಲಿ ಭಾರ ಗಾಜಿನ ಉದ್ದಕ್ಕೆ ಇಳಿಯುತ್ತದೆ. ತಲೆ ಮೇಲಿನ ಗಾಜಿನಲ್ಲಿ ಭಾರ ಅಡ್ಡಕ್ಕೆ ಬೀಳುತ್ತದೆ, ಅಲ್ಲಿ ಸೀಸದ ಪಟ್ಟಿಯನ್ನೇ ನಂಬಿದರೆ ಪ್ರತಿ ಪಟ್ಟಿಯೂ ಒಂದು ಸಣ್ಣ ಬೀಮ್, ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪೇಪರಿನ ಹಾಗೆ ನಡುವೆ ಬಾಗುತ್ತದೆ. 0.52 ಲೆಕ್ಕ ನೆನಪಿದೆಯಲ್ಲ, ಬಾಗಿದ ಸೀಸ ವಾಪಸ್ ಬರೋದಿಲ್ಲ. ಅದಕ್ಕೇ ಭಾರವನ್ನು 0.17ರ ಕಬ್ಬಿಣಕ್ಕೆ ಒಪ್ಪಿಸೋದು. ಮಂಟಪದ ಕಬ್ಬಿಣದ ಕಂಬ, ಕಮಾನುಗಳನ್ನು ಎಲ್ಲರೂ ಅಲಂಕಾರ ಅಂತ ನೋಡಿ ಮುಂದೆ ಹೋಗುತ್ತಾರೆ. ನವಿಲುಗಳು ನೂರು ವರ್ಷ ದಾಟಿಯೂ ಮೇಲೇ ಇರೋದು ಅವುಗಳ ದಯೆಯಿಂದ.

ಮೈಸೂರಿನಲ್ಲೇ ಸೇಂಟ್ ಫಿಲೋಮಿನಾ ಚರ್ಚಿನಲ್ಲಿ ನಿಂತ ಕಿಟಕಿಗಳಿವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಶಂಕುಸ್ಥಾಪನೆ ಮಾಡಿದ ಈ ಚರ್ಚಿನ ಗಾಜು ಫ್ರಾನ್ಸಿನದು, ಕ್ರಿಸ್ತನ ಜನನದಿಂದ ಪುನರುತ್ಥಾನದವರೆಗಿನ ಚಿತ್ರಗಳು. ಬೆಂಗಳೂರು ಅರಮನೆಯ ದರ್ಬಾರ್ ಹಾಲಿನ ಒಂದು ಗೋಡೆಗೂ ಗೋಥಿಕ್ ರೀತಿಯ ಬಣ್ಣದ ಗಾಜಿನ ಕಿಟಕಿಗಳಿವೆ. ಇಂಗ್ಲೆಂಡಿನ ಹಳ್ಳಿಮನೆಯ ನೆನಪು ತರುವ ಕಟ್ಟಡ ನಮ್ಮಲ್ಲಿ ಬೇಕಿದ್ದರೆ ಅದೇ ಸರಿ. ಮೂರನ್ನೂ ಒಂದೇ ವಾರದಲ್ಲಿ ನೋಡಬಹುದು.

ಮುಂದಿನ ಇಂಡಸ್ಟ್ರಿಯಲ್ ವಿಸಿಟ್ ಮೈಸೂರಿಗೆ ಅಂತ ಕೇಳಿದ್ದೇವೆ. ಅರಮನೆ ಒಳಗೆ ಚಪ್ಪಲಿ ಬಿಟ್ಟು ಹೋಗಬೇಕು, ಕಲ್ಯಾಣ ಮಂಟಪದಲ್ಲಿ ಹಿಂದಿನವರು ತಳ್ಳುತ್ತಲೇ ಇರುತ್ತಾರೆ, ಸಿಗೋದು ಒಂದೆರಡು ನಿಮಿಷ. ಆ ಎರಡು ನಿಮಿಷದಲ್ಲಿ ಮೊದಲು ನವಿಲು ನೋಡಿಬಿಡಿ, ಅದನ್ನು ಬಿಡೋಕಾಗಲ್ಲ. ಆಮೇಲೆ ಒಂದು ಗಾಜಿನ ತುಂಡು ಹಿಡಿದು ಅದರ ಭಾರ ಯಾವ ಗೆರೆಯಿಂದ ಯಾವ ಗೆರೆಗೆ, ಅಲ್ಲಿಂದ ಯಾವ ಕಮಾನಿಗೆ, ಯಾವ ಕಂಬಕ್ಕೆ ಇಳಿದು ನಿಮ್ಮ ಬರಿಗಾಲಿನ ಪಕ್ಕದ ನೆಲಕ್ಕೆ ಬರುತ್ತದೆ ಅಂತ ಕಣ್ಣಲ್ಲೇ ಹಿಂಬಾಲಿಸಿ.